ಜೂನ್ ಒಂದರ ಮಕ್ಕಳು

ದ್ಯಾಮಪ್ಪ ಮಾಸ್ತರು ಡಂಬಳ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ದಾಖಲೆ ಪುಸ್ತಕಕ್ಕೆ ಮಕ್ಕಳ ಹೆಸರು ಹಚ್ಚಿಕೊಂಡವರು. ಅದರಲ್ಲಿ ಹನ್ನೊಂದು ವರ್ಷ ನಾನು ಅವರ ಕೈಕೆಳಗಿದ್ದೆ. ಒಬ್ಬ ತಾಯಿ ಮಗ ಹುಟ್ಟಿದ್ದು ಶೇಂಗಾ ಕೀಳುವಾಗ ಅನ್ನುವಳು, ಇನ್ನೊಬ್ಬಳು ಕಾರಹುಣ್ಣಿಮೆಯ ಮುಂದೆ ಅನ್ನುವಳು. ಹಳೆಯ ಕ್ಯಾಲೆಂಡರ್ ಹುಡುಕುವ ತಾಳ್ಮೆ ಯಾರಿಗಿತ್ತು? ಎಲ್ಲರಿಗೂ ಜೂನ್ ಒಂದು ಎಂದು ಜಡಿದುಬಿಡುತ್ತಿದ್ದೆವು. ಸರಕಾರಕ್ಕೆ ಒಂದು ತಾರೀಖು ಬೇಕಿತ್ತು, ಕೊಟ್ಟೆವು. ಅದರಿಂದ ಯಾರ ಗಂಟು ಹೋಗುತ್ತದೆ ಅಂದುಕೊಂಡಿದ್ದೆವು.

ಈ ವರ್ಷ ಮಾಸ್ತರ ಮೊಮ್ಮಗಳು ಕಾಂಚನಾ ಮತ್ತು ಅವಳ ಗೆಳತಿ ಅಂಕಿತಾ ಇಬ್ಬರೂ ಪ್ರಾಥಮಿಕ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದರು. ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಕಾಗದಪತ್ರ ತೋರಿಸುವ ದಿನ ಮಾಸ್ತರು, ಅಂಕಿತಾಳ ತಾಯಿ ಶೇಖವ್ವ, ಜೊತೆಗೆ ನಾನು, ಎಲ್ಲರೂ ಗದಗಿಗೆ ಹೋದೆವು. ಗದಗಿನಲ್ಲೇ ಸೀಟು ಸಿಕ್ಕರೆ ಬಸ್ಸಿನಲ್ಲಿ ಹೋಗಿಬರಲಿ, ದೂರದ ಊರಾದರೆ ಓದು ಸಾಕು ಎಂದು ಅಂಕಿತಾಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಇಬ್ಬರ ಮೀಸಲಾತಿ ವರ್ಗಕ್ಕೆ ಗದಗಿನಲ್ಲಿ ಉಳಿದದ್ದು ಒಂದೇ ಸೀಟು. ಪಿಯುಸಿ ಅಂಕ ಇಬ್ಬರದೂ ಸಮ. ಸಮವಾದರೆ ವಯಸ್ಸಿನಲ್ಲಿ ದೊಡ್ಡವರಿಗೆ ಎಂದು ಗುಮಾಸ್ತ ಬೇಸರದಿಂದ ಹೇಳಿ ತಾರೀಖು ಓದಿದ. ಅಂಕಿತಾ ಜೂನ್ ಒಂದು. ಕಾಂಚನಾ ಅದೇ ವರ್ಷದ ಮೇ ಇಪ್ಪತ್ತೆಂಟು. ನಾಲ್ಕು ದಿನದ ಅಂತರದಲ್ಲಿ ಸೀಟು ಕಾಂಚನಾಳದಾಯಿತು.

ನನಗೆ ಕಾಂಚನಾಳ ಹೆಸರು ಹಚ್ಚಿದ ದಿನ ನೆನಪಿತ್ತು. ಮಾಸ್ತರು ಅಂಗಿಯ ಕಿಸೆಯಿಂದ ಆಸ್ಪತ್ರೆಯ ಚೀಟಿ ತೆಗೆದು, ಕನ್ನಡಕ ಒರೆಸಿಕೊಂಡು, ತಾರೀಖು ನೋಡಿ ಬರೆದಿದ್ದರು. ಆ ವರ್ಷದ ಪುಸ್ತಕದಲ್ಲಿ ಸರಿಯಾದ ತಾರೀಖು ಬಹುಶಃ ಅದೊಂದೇ.

ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯರು ಒಂದೇ ಬಾಟಲಿಯ ನೀರು ಕುಡಿದರು. ಶೇಖವ್ವ ಮಾಸ್ತರಿಗೆ, ಸೀಟು ನಿಮ್ಮ ಮನೆಗಾದರೂ ಬಂತಲ್ಲ, ಒಳ್ಳೆಯದಾಯಿತು ಅಂದಳು. ಮನಸ್ಸಿಟ್ಟೇ ಅಂದಳು. ಮಾಸ್ತರಿಗೆ ಅದೇ ತಡೆಯಲಾಗಲಿಲ್ಲ.

"ಶೇಖವ್ವಾ, ಬಸವ ಜಯಂತಿ ದಿನ ಹುಟ್ಯಾಳ್ರಿ ಅಂತ ನೀ ಹೆಸರ ಹಚ್ಚೋ ದಿನ ಹೇಳಿದ್ದಿ. ನಾನ ಬರೀಲಿಲ್ಲ. ಅದನ್ನ ಬರದಿದ್ರ ನಿನ್ನ ಮಗಳ ದೊಡ್ಡಾಕಿ ಆಗತಿದ್ಲು."

ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾದ ತಾರೀಖನ್ನು ಈಗ ಬದಲಿಸುವುದು ಅಷ್ಟು ಸುಲಭವಲ್ಲ. ಅದು ಮಾಸ್ತರಿಗೂ ನನಗೂ ಗೊತ್ತಿತ್ತು.

ಶೇಖವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವು ಜೂನ್ ಒಂದು ಅಂತ ಅನಕೋತ ಬರದ್ರಿ, ನಾ ಅಲ್ಲೇ ನಿಂತಿದ್ನಿ. ಮಾಸ್ತರು ಬರದದ್ದ ಖರೆ ಇರಬೇಕು, ನಾನ ಮರತೇನಿ ಅನಕೊಂಡ್ನಿರಿ. ಅವತ್ತಿನಿಂದ ಅಕೀಗೂ ಅದ ದಿನ ಹುಟ್ಟೀದಿ ಅಂತ ಹೇಳಕೋತ ಬಂದೇನಿ."