ಕಾವಲು ಪೆಟ್ಟಿಗೆಗೆ ಮನೆಯವರ ಗುರುತು ಹೇಳಿದ ಹಿಲ್ಕಾ

ಫಿನ್ಲೆಂಡಿನ ಕೊಯಿವುರಂತಾ ಆಸ್ಪತ್ರೆಗೆ ಹಿಲ್ಕಾ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಸ್ವಿಚ್‌ಬೋರ್ಡ್ ಮುಚ್ಚಿದಾಗ ಜೊತೆಯವರೆಲ್ಲ ಬೇರೆ ದಾರಿ ನೋಡಿಕೊಂಡರು. ಇವಳು ಮಾತ್ರ ಮಕ್ಕಳ ಉಣ್ಣೆಯ ಕೈಗವಸು ಒಣಹಾಕುತ್ತ, ಗಂಡನ ಸೂಪು ಕಲಕುತ್ತ ಅಡುಗೆಮನೆಯಲ್ಲೇ ನೆಟ್‌ವರ್ಕಿನ ಪಾಠ ಓದಿ ಪಾಸಾದಳು. ಐವತ್ತೆಂಟರ ವಯಸ್ಸಿನಲ್ಲಿ ಇಡೀ ಆಸ್ಪತ್ರೆಯ ವೈಫೈ ಅವಳ ಕೈಯಲ್ಲಿತ್ತು.

ಆ ವರ್ಷ, ಆಸ್ಪತ್ರೆಯ ಹೆಸರು ಕದ್ದು ಜನರನ್ನು ಸೆಳೆಯುವ ಕಳ್ಳ ವೈಫೈ ಹಿಡಿಯಲು ಕಾವಲು ಪೆಟ್ಟಿಗೆಗಳು ಬಂದವು. ವೈಫೈ ಒಂದು ಕಂಪನಿಯದು, ಕಾವಲು ಇನ್ನೊಂದರದು. ಹೊರಗಿನವರ ಕಣ್ಣು ಚುರುಕು ಎಂದು ಹಿಲ್ಕಾಳೇ ಒಪ್ಪಿದ್ದಳು. ಆದರೆ ಹೊಸ ಕಾವಲುಗಾರನಿಗೆ ಮನೆಯವರ ಪರಿಚಯವಿರುವುದಿಲ್ಲ. ನಮ್ಮ ವೈಫೈ ಪೆಟ್ಟಿಗೆಗಳ ಪಟ್ಟಿ ಕೊಡದೆ ತಡೆಯುವ ಗುಂಡಿ ಒತ್ತಿದರೆ ಅದು ನಮ್ಮವನ್ನೇ ಕಳ್ಳರೆಂದು ಕೆಡವುತ್ತದೆ.

ಕಾಫಿ ಹೊತ್ತಿನಲ್ಲಿ ಮೇಲಧಿಕಾರಿ ವೆಸಾ ಪರದೆ ತೋರಿಸಿದ. ವೈಫೈ ಕಂಪನಿ ಕೊಟ್ಟ ನಾನೂರ ಹನ್ನೆರಡರ ಪಟ್ಟಿಯಲ್ಲಿ ಇಲ್ಲದ ಮೂರು ಪೆಟ್ಟಿಗೆಗಳು ಹಸುಗೂಸುಗಳ ವಾರ್ಡಿನಲ್ಲಿ ಆಸ್ಪತ್ರೆಯದೇ ಹೆಸರು ಹೇಳಿಕೊಂಡು ಕೂತಿದ್ದವು.

"ನಮ್ಮ ಹೆಸರಲ್ಲೇ ಮೋಸ! ಒತ್ತು ಗುಂಡಿ, ಹಿಲ್ಕಾ."

"ಕಣ್ಣಾರೆ ನೋಡದೆ ಒತ್ತಲ್ಲ. ನಮ್ಮವೇ ಆಗಿದ್ರೆ ಕೂಸುಗಳ ಮಾನಿಟರೆಲ್ಲ ಕುರುಡಾಗುತ್ವೆ."

"ಪಟ್ಟೀಲಿ ಇಲ್ವಲ್ಲ. ಕೂತು ಮಾಡೋ ಕೆಲಸಕ್ಕೆ ನಡೆದು ಸಾಯೋಳು ನೀನೊಬ್ಬಳೇ."

"ಫ್ರಿಜ್ ಬಾಗಿಲು ತೆಗೆದು ನಿಂತು 'ಬೆಣ್ಣೆ ಎಲ್ಲಿ' ಅಂತ ಕೂಗೋರು ಹಾಗೇ ಹೇಳೋದು," ಎಂದು ಹಿಲ್ಕಾ ಬನ್ನನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ವಾರ್ಡಿನ ಗೋಡೆ, ಚಾವಣಿ ಎಲ್ಲ ಬೋಳು. ನೆಲ ಒರೆಸುತ್ತಿದ್ದ ಐಲಾ ಕೋಲಿಗೆ ಗದ್ದ ಊರಿ ನೋಡಿದಳು.

"ಏನೇ ಕಳ್ಕೊಂಡೆ?"

"ವೈಫೈ ಪೆಟ್ಟಿಗೆ. ಮೂರು."

"ನಿನ್ನ ತಲೆ ಮೇಲೇ ಇವೆಯಲ್ಲ. ಬೇಸಿಗೆಯ ರಿಪೇರಿ ಹೊತ್ತಲ್ಲಿ ಹಳೇ ಕಟ್ಟಡದಿಂದ ತಂದು ಚಾವಣಿ ಹಲಗೆ ಮೇಲೆ ಇಟ್ರು. ಉದುರಿದ ಧೂಳು ಮೂರು ಸಲ ಒರೆಸಿದ್ದು ಯಾರು ಅಂದ್ಕೊಂಡೆ?"

"ಯಾರಿಗೂ ಹೇಳ್ಲಿಲ್ವಾ?"

"ಕೇಳಿದ್ರೆ ತಾನೇ! ನೆಲ ಒರೆಸೋಳ ಹತ್ರ ಯಾರು ದಾರಿ ಕೇಳ್ತಾರೆ?"

ಏಣಿ ಹತ್ತಿ ಹಲಗೆ ಸರಿಸಿದರೆ ಮೂರೂ ಅಲ್ಲೇ ಹಸಿರು ದೀಪ ಮಿನುಗಿಸುತ್ತಿದ್ದವು. ಅಪ್ಪಟ ಆಸ್ಪತ್ರೆಯ ಸೊತ್ತು. ಹಿಲ್ಕಾ ಅವುಗಳ ಸಂಖ್ಯೆ ಬರೆದುಕೊಂಡಳು. ಆಮೇಲೆ ಮೂರು ದಿನ ಇಬ್ಬರೂ ನಾಲ್ಕು ಮಹಡಿಯನ್ನೂ ಸುತ್ತಿದರು. ಯಾವ ಬೀರುವಿನ ಹಿಂದೆ ಏನಿದೆ ಎಂದು ಐಲಾ ನೋಡದೆಯೇ ಹೇಳುತ್ತಿದ್ದಳು. ಪಟ್ಟಿ ನಾನೂರ ಹದಿನೈದಕ್ಕೆ ನಿಂತಿತು; ಅದನ್ನು ಹಿಲ್ಕಾ ಕಾವಲು ಪೆಟ್ಟಿಗೆಗಳಿಗೆ ಕೊಟ್ಟಳು.

ಗುರುವಾರ ವೆಸಾ ವರದಿಯಲ್ಲಿ 'ಹೊಸ ವ್ಯವಸ್ಥೆ ಪತ್ತೆಹಚ್ಚಿತು' ಎಂದು ಬರೆಯತೊಡಗಿದ.

"ವ್ಯವಸ್ಥೆ ಅವನ್ನ ಕಳ್ಳರು ಅಂತು. ನಮ್ಮವು ಅಂತ ಹೇಳಿದ್ದು ಐಲಾ. ಅವಳ ಹೆಸರು ಬರಿ," ಎಂದಳು ಹಿಲ್ಕಾ.

"ಶುಚಿ ಮಾಡೋರ ಹೆಸರು ತಾಂತ್ರಿಕ ವರದೀಲಿ ಹಾಕೋ ರೂಢಿ ಇಲ್ಲ ಕಣೇ."

"ಹಾಗಾದ್ರೆ ಗುಂಡಿ ನೀನೇ ಒತ್ತು. ಏನಾದ್ರೂ ಆದ್ರೆ ವಾರ್ಡಿಗೂ ನೀನೇ ಉತ್ತರ ಹೇಳು."

ವೆಸಾ ಗುಂಡಿ ನೋಡಿದ, ಹಿಲ್ಕಾಳನ್ನು ನೋಡಿದ. ಕೊನೆಗೆ ಟೈಪು ಮಾಡಿದ: ಐಲಾ ಕೊರ್ಕೆಯಕಂಗಸ್. ಅಕ್ಷರ ಸರಿಯಿದೆಯೇ ಎಂದು ಹಿಲ್ಕಾ ಬಗ್ಗಿ ಓದಿ, ಗುಂಡಿ ಒತ್ತಿ, ವಾರ್ಡಿಗೆ ಫೋನ್ ಮಾಡಿದಳು. ಎತ್ತಿದ್ದು ಅಲ್ಲೇ ನೆಲ ಒರೆಸುತ್ತಿದ್ದ ಐಲಾ.

"ಎಲ್ಲ ಮಾನಿಟರೂ ನಡೀತಿವೆ ಅಂತ ನರ್ಸಮ್ಮ ಹೇಳ್ತಿದ್ದಾಳೆ. ಕೂಸುಗಳು ಹಾಯಾಗಿ ಮಲಗಿವೆ."

"ಐಲಾ, ವರದೀಲಿ ನಿನ್ನ ಹೆಸರಿದೆ."

ಐಲಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿತು.

"ಪೂರ್ತಿ ಹೆಸರಾ?"

"ಪೂರ್ತಿ."

"ಹಾಗಾದ್ರೆ ಒಂದು ಪ್ರತಿ ತೆಗೆದಿಡು. ನಮ್ಮ ಕಾಫಿ ಕೋಣೆ ಗೋಡೆಗೆ ಅಂಟಿಸ್ತೀನಿ."