ಗಗನಾಳ ಹೆಸರಿನ ಮುಂದಿದ್ದ ಸಂಖ್ಯೆ

ಮಧುಗಿರಿ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೆಂಟರ್ ಶಿವರಂಜನಿಯದು. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆ ಅರ್ಜಿ ಎಂದು ದಿನವಿಡೀ ಜನ. ಅರ್ಜಿಯ ಪುಟ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವಳು ಎಫ್ 12 ಒತ್ತಿ, ಪುಟದ ಹಿಂದೆ ಓಡುವ ಕೋಡನ್ನು ತೆರೆದು ಎಡವಟ್ಟು ಹುಡುಕುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು.

ಕಳೆದ ಶ್ರಾವಣದಲ್ಲಿ ಅರ್ಜಿ ಹಾಕಲು ಬಂದ ಉಪನ್ಯಾಸಕಿ ಲೋಹಿತಾ, "ನಮ್ಮ ಪ್ರೊಫೈಲನ್ನ ಯಾರ್ಯಾರು ಕದ್ದು ನೋಡ್ತಾರೋ ಅವರ ಪಟ್ಟಿ ಕೋಡ್‌ನಲ್ಲೇ ಇರುತ್ತಂತೆ ಕಣ್ರೀ" ಎಂದಳು. ಶಿವರಂಜನಿ ನಕ್ಕಳು. ಲೋಹಿತಾ ಹೋದ ಮೇಲೆ ಸಾಮಾಜಿಕ ಜಾಲತಾಣದ ತನ್ನ ಖಾತೆ ತೆರೆದು ಎಫ್ 12 ಒತ್ತಿದಳು. ಸಾವಿರಾರು ಸಾಲುಗಳ ನಡುವೆ ಗೆಳೆಯರ ಪಟ್ಟಿಯೊಂದು ಸಿಕ್ಕಿತು. ಮೊದಲ ಹೆಸರು ಗಗನಾ.

ಗಗನಾ ಅವಳ ತಂಗಿ. ಶಿರಾ ತಾಲ್ಲೂಕಿನ ತಾವರೆಕೆರೆಗೆ ಕೊಟ್ಟಿದ್ದರು. ಆರು ವರ್ಷದಿಂದ ಮಾತಿಲ್ಲ. ಗಗನಾ ಏಳು ತಿಂಗಳ ಬಸುರಿಯಿದ್ದಾಗ ತಾಯಿ ಕರಿಬಸಮ್ಮ ಆಸ್ಪತ್ರೆ ಸೇರಿದ್ದಳು. ಫೋನ್ ಬಂದಾಗಲೆಲ್ಲ ಶಿವರಂಜನಿ, "ಅಮ್ಮ ಚೆನ್ನಾಗವ್ಳೆ ಕಣೇ" ಎನ್ನುತ್ತಿದ್ದಳು. ಕೊನೆಗೆ ಗಗನಾ ಬಂದದ್ದು ಅಮ್ಮನ ಮಣ್ಣಿಗೆ.

ಆ ತಂಗಿ ಈಗ ತನ್ನನ್ನು ನೋಡುತ್ತಿದ್ದಾಳೆಯೇ? ಶಿವರಂಜನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅರ್ಜಿಗಳಲ್ಲಿ ಹೆಸರುಗಳು ತಪ್ಪಾದವು. ಊಟದ ಡಬ್ಬಿ ಮುಚ್ಚಿದಂತೆಯೇ ಉಳಿಯಿತು.

ಬಾಗಿಲಲ್ಲಿ ಹೂ ಮಾರುವ ಪಾಪಕ್ಕ ಕೇಳಿದಳು, "ಏನ್ ಕಣಮ್ಮ, ಮೂರ್ ದಿನದಿಂದ ಅದ್ನೇ ಕೆದಕ್ತಾ ಕುಂತಿದ್ದೀಯ?"

"ನನ್ ತಂಗಿ ನನ್ನ ನೋಡ್ತಾವ್ಳೆ ಅಂತ ಅನ್ನಿಸ್ತೈತೆ ಪಾಪಕ್ಕ. ದಿಟವಾ ಅಂತ ನೋಡ್ಬೇಕು."

"ಅವಳ್ನೇ ಕೇಳ್ಬುಡು. ಮಿಶೀನ್ನ ಯಾಕ್ ಕೇಳ್ತೀಯ?"

ಶಿವರಂಜನಿ ಕೇಳಲಿಲ್ಲ. ಯಾರ ಹೆಸರು ಮೊದಲು ಎಂದು ಪಟ್ಟಿಯನ್ನು ಜೋಡಿಸುವ ಸಾಲನ್ನು ಹುಡುಕಿ, ಕೋಡ್ ಅಲ್ಲಿಗೆ ಬಂದೊಡನೆ ನಿಲ್ಲುವಂತೆ ಗುರುತು ಹಾಕಿದಳು. ಪುಟ ನಿಂತಿತು. ಗಗನಾಳ ಹೆಸರಿನ ಮುಂದೆ 412 ಎಂದಿತ್ತು. ಏನೋ ಅನುಮಾನ ಬಂದು, ತಂಗಿಯ ಪುಟವನ್ನು ತಾನೇ ಮೂರು ಸಲ ತೆರೆದು ಮುಚ್ಚಿ ಮತ್ತೆ ನೋಡಿದಳು. 415.

ಆ ಸಂಖ್ಯೆ ಎಣಿಸಿದ್ದು ತಂಗಿಯ ಭೇಟಿಗಳನ್ನಲ್ಲ, ತನ್ನವನ್ನೇ. ಮಗಳ ಹುಟ್ಟುಹಬ್ಬ, ಹೊಸ ಮನೆಯ ಹೊಸಿಲು, ಹಿತ್ತಲ ದಾಸವಾಳ, ತಂಗಿ ಹಾಕಿದ ಇಂಥ ಚಿತ್ರಗಳನ್ನು ನೋಡಲು ನಾನೂರು ಸಲ ಹೋಗಿ ಬಂದವಳು ತಾನೇ.

ಮರುದಿನ ಸೆಂಟರ್‌ಗೆ ಬೀಗ ಹಾಕಿ ಶಿರಾ ಬಸ್ ಹತ್ತಿದಳು. ದಾರಿಯಲ್ಲಿ ಇಳಿದುಬಿಡಲೇ ಎಂದು ಎರಡು ಸಲ ಎದ್ದು ಮತ್ತೆ ಕೂತಳು. ತಾವರೆಕೆರೆಯಲ್ಲಿ ಬಾಗಿಲು ತೆರೆದ ಗಗನಾ ಒಳಗೆ ಕರೆಯಲಿಲ್ಲ.

"ಅಮ್ಮ ಕೊನೇಲಿ ನನ್ನ ಕೇಳಿದ್ಳಾ?"

"ಎರಡ್ ದಿನ ಕೇಳಿದ್ಳು. ನಿನ್ ಹೊಟ್ಟೇಲಿರೋ ಮಗೂಗೆ ಏನಾದ್ರೂ ಆದ್ರೆ ಅಂತ ಹೆದರ್ಕೊಂಡು ನಾನೇ ಸುಳ್ಳು ಹೇಳ್ದೆ. ತಪ್ಪಾಯ್ತು ಕಣೇ."

ಗಗನಾ ಬಾಗಿಲ ಚೌಕಟ್ಟು ಹಿಡಿದು ತುಂಬ ಹೊತ್ತು ಅತ್ತಳು. ಆಮೇಲೆ ಒಳಗಿನಿಂದ ನೀರು ತಂದುಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ. ಅಕ್ಕ ಹೊರಟು ನಿಂತಾಗ ಮಾತ್ರ, "ದೀಪಾವಳಿಗೆ ಬರ್ತೀನಿ. ಅಮ್ಮನ ಸಮಾಧಿ ನೋಡ್ಬೇಕು" ಎಂದಳು.

ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಶಿವರಂಜನಿ ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ತಂಗಿಗೆಂದು ಮಹಡಿಯ ಕೋಣೆ ಗುಡಿಸತೊಡಗಿದಳು.