ಗಾಲಿಯ ಕೆಳಗಿಟ್ಟ ನಿಂಬೆಹಣ್ಣು

ಉಜ್ಬೇಕಿಸ್ತಾನದ ತಾಷ್ಕೆಂಟ್. ಸಮರ್ಕಂದಕ್ಕೆ ಹೋಗುವ ವ್ಯಾನು ಹೋಟೆಲಿನ ಮುಂದೆ ಹಿಮದಲ್ಲಿ ನಿಂತಿದೆ.

ನಮ್ಮೂರು ಇಂಡಿಯಲ್ಲಿ ಮಲ್ಲಣ್ಣ ಕಾಕಾರ ನಿಂಬೆ ತೋಟದಲ್ಲಿ ಕೂತು ಮಳೆಗಾಲವೆಲ್ಲ ಈ ಪ್ರವಾಸದ್ದೇ ಮಾತಾಡಿದ್ದೆವು. ನೀಲಿ ಗುಮ್ಮಟ, ಬಿಳಿ ಬೆಟ್ಟ, ಸ್ವೆಟರು, ಕಟಕ ರೊಟ್ಟಿ, ಯಾವುದನ್ನೂ ಬಿಟ್ಟಿರಲಿಲ್ಲ. ಕಾಕಾರದು ಒಂದೇ ಹಟ: ನಿಂಬೆಹಣ್ಣು ಇಡದೆ ಗಾಡಿ ಹೊರಡಬಾರದು. ಅದಕ್ಕೇ ನಿನ್ನೆ ಇಲ್ಲಿಯ ಬಜಾರಿನಲ್ಲಿ ಕೊಂಡ ಹಣ್ಣುಗಳನ್ನು ಈಗ ನಾಲ್ಕೂ ಗಾಲಿಗಳ ಕೆಳಗಿಟ್ಟು ಕೈಮುಗಿದರು.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರ್ ಕಪ್ಪನ್ನು ಅಲ್ಲೇ ಬಿಟ್ಟು ಓಡಿಬಂದ. ಮೊಣಕಾಲೂರಿ ಮುಂದಿನ ಎರಡು ಹಣ್ಣು ತೆಗೆದು ಅಂಗಿಗೆ ಒರೆಸಿದ. ಅವನ ಮುಖ ನೋಡಿದರೆ, ನಾವು ಕೂಸಿನ ಮೇಲೆ ಗಾಡಿ ಹಾಯಿಸಲು ಹೊರಟಂತಿತ್ತು.

ಹಿಂದಿ ಬಲ್ಲ ಗೈಡ್ ಹುಡುಗಿ ಬಿಡಿಸಿ ಹೇಳಿದಳು. ಇಲ್ಲಿಯ ಚಳಿಗೆ ನಿಂಬೆ ಗಿಡ ಸಾಯುತ್ತದೆ. ನೆಲ ಅಗೆದು, ಆಳದ ತಗ್ಗಿನಲ್ಲಿ ನೆಟ್ಟು, ಮೇಲೆ ಗಾಜು ಹೊದಿಸಿ, ಕಡುಚಳಿಯಲ್ಲಿ ಒಲೆ ಹಚ್ಚಿ ಕಾಯುತ್ತಾರೆ. ಡ್ರೈವರನ ಅಪ್ಪನದೂ ಅಂಥದೇ ತೋಟವಂತೆ.

ಕಾಕಾ ನನ್ನ ಕಡೆ ತಿರುಗಿದರು.

“ಗಿಡಕ್ಕ ಒಲಿ ಹಚ್ತಾರೇನೋ ತಮ್ಮಾ?”

“ಹೌದಂತ್ರಿ ಕಾಕಾ.”

“ನಾವು ಉದುರಿದ್ದನ್ನ ತುಳಕೋತ ಅಡ್ಯಾಡ್ತೇವಲ್ಲೋ.”

ಅವರ ಹೆಂಡತಿ ವ್ಯಾನಿನೊಳಗಿಂದಲೇ ಕೇಳಿದರು: “ದಾರಿ ತುಂಬ ಹಿಮ ಐತಿ. ನಿಂಬಿಹಣ್ಣ ಇಡದನ ಹೋಗೂದೇನ್ರಿ?”

ಕಾಕಾ ವ್ಯಾನಿನ ಹಿಂದಕ್ಕೆ ಹೋಗಿ, ತಾವೂ ಮೊಣಕಾಲೂರಿ, ಉಳಿದೆರಡು ಹಣ್ಣು ತೆಗೆದರು. ಹೆಗಲ ಟವೆಲ್ಲಿನಲ್ಲಿ ಸುತ್ತಿ, ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡು ವ್ಯಾನು ಹತ್ತಿದರು.